ಬೀಳುವ ಮೊದಲೇ ಸುಳಿವು ಕೊಡುವ ನಡಿಗೆ

ನಮ್ಮ ಬೈಲಿನಲ್ಲಿ ಹದಿನಾಲ್ಕು ಮನೆ. ಒಂಬತ್ತು ಮನೆಗಳಲ್ಲಿ ಅರುವತ್ತೈದು ದಾಟಿದವರೇ ಯಜಮಾನರು. ಮಕ್ಕಳು ಬೆಂಗಳೂರಿನಲ್ಲೋ ಅದಕ್ಕಿಂತ ದೂರದಲ್ಲೋ. ತೋಟಕ್ಕೆ ನೀರು ಬಿಡುವುದು, ಬಿದ್ದ ಅಡಿಕೆ ಹೆಕ್ಕುವುದು, ಹಟ್ಟಿ ಕೆಲಸ, ಆಳುಗಳಿಗೆ ಹೇಳಿ ಮಾಡಿಸುವುದು, ಎಲ್ಲವೂ ಈ ಹಿರಿಯರ ಕಾಲ ಮೇಲೆ ನಿಂತಿದೆ. ಕಳೆದ ಐದು ವರ್ಷದಲ್ಲಿ ನಮ್ಮಲ್ಲಿ ಎರಡು ತೋಟ ಲೀಸಿಗೆ ಹೋದವು. ಬೆಲೆ ಕುಸಿತವೂ ಕಾರಣವಲ್ಲ, ಹಳದಿ ರೋಗವೂ ಅಲ್ಲ. ಒಂದು ಕಡೆ ಬಚ್ಚಲಲ್ಲಿ, ಇನ್ನೊಂದು ಕಡೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದದ್ದು. ಅಷ್ಟೇ.

ಇದು ನಮ್ಮ ಬೈಲಿನ ಕಥೆ ಮಾತ್ರವಲ್ಲ. ಅರುವತ್ತೈದು ದಾಟಿದವರಲ್ಲಿ ನೂರಕ್ಕೆ 28ರಿಂದ 35 ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರ ವರದಿಯಲ್ಲಿ ಹೇಳಿದೆ. ಬಿದ್ದು ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಎಂಬುದು ಅದೇ ಸಂಸ್ಥೆಯ 2021ರ ಅಂದಾಜು. ಇದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸಾವು ನಮ್ಮಂತಹ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹಾವು ಕಚ್ಚಿದರೆ ಊರೇ ಸೇರುತ್ತದೆ. ಅಜ್ಜಿ ಬಿದ್ದರೆ 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುತ್ತೇವೆ.

ಬಿದ್ದ ಮೇಲೆ ಕೂಗುವ ವಾಚು

ವಿಷಯ ನನ್ನ ತಲೆಗೆ ಹೊಕ್ಕದ್ದು ಸೋದರಮಾವನ ಕೈಯ ವಾಚಿನಿಂದ. ಮಾವನಿಗೆ ಎಪ್ಪತ್ತೆಂಟು. ವಿದೇಶದಲ್ಲಿರುವ ಮಗ ಕಳಿಸಿದ ವಾಚು. ಬಿದ್ದರೆ ಅದಕ್ಕೆ ಗೊತ್ತಾಗುತ್ತದೆ, ಮಗನಿಗೆ ಸುದ್ದಿ ಹೋಗುತ್ತದೆ. ಮೊದಲ ವಾರದಲ್ಲೇ ಮಾವ ಕೊಡಲಿಯಲ್ಲಿ ಕಟ್ಟಿಗೆ ಒಡೆಯುವಾಗ ವಾಚು ಗಡಗಡ ನಡುಗಿ 'ನೀವು ಬಿದ್ದಿರಾ?' ಎಂದು ಕೇಳಿತಂತೆ. ಕೊಡಲಿ ಕೆಳಗಿಟ್ಟು ಕನ್ನಡಕ ಹುಡುಕಿ 'ಇಲ್ಲ' ಒತ್ತುವಷ್ಟರಲ್ಲಿ ಮಾವನಿಗೆ ಸಾಕೋ ಸಾಕು.

"ಅದು ಬಿದ್ದ ಮೇಲೆ ಕೂಗುವುದು ಮಾರಾಯ. ಬೀಳುವ ಮೊದಲು ಹೇಳುವುದು ಉಂಟಾ?" ಎಂದರು.

ಒಳ್ಳೆ ಪ್ರಶ್ನೆ. ಉತ್ತರ: ಉಂಟು. ಆದರೆ ಅದು ಬೇರೆಯೇ ವಿದ್ಯೆ. ಅಂಗಡಿಯವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮಾರುವುದುಂಟು. ಹಾಗಾಗಿ ಬೇರ್ಪಡಿಸಿ ನೋಡಬೇಕು.

ಬಿದ್ದದ್ದನ್ನು ಗುರುತಿಸುವುದು ಒಂದು. ಆಪಲ್ ಕಂಪೆನಿ 2018ರಲ್ಲಿ ತನ್ನ ವಾಚಿನಲ್ಲಿ ಇದನ್ನು ತಂದಿತು. ಜೋರಾಗಿ ಬಿದ್ದ ಏಟು ಗೊತ್ತಾಗಿ, ಆಮೇಲೆ ಸುಮಾರು ಒಂದು ನಿಮಿಷ ಆಸಾಮಿ ಅಲುಗಾಡದೇ ಇದ್ದರೆ ತಾನಾಗಿ ತುರ್ತು ಕರೆ ಮಾಡುತ್ತದೆ. ಬೇರೆ ಕಂಪೆನಿಗಳ ವಾಚುಗಳಲ್ಲೂ ಈಗ ಇದು ಬಂದಿದೆ. ಒಬ್ಬರೇ ಇರುವ ಮನೆಯಲ್ಲಿ ಇದರಿಂದ ಪ್ರಯೋಜನ ಇಲ್ಲದಿಲ್ಲ. ಬಿದ್ದವರು ಏಳಲಾಗದೆ ಗಂಟೆಗಟ್ಟಲೆ ನೆಲದಲ್ಲೇ ಉಳಿದರೆ ಮುರಿತಕ್ಕಿಂತ ಅದೇ ದೊಡ್ಡ ಅಪಾಯ. ಆದರೆ ವಾಚು ಕೈಯಲ್ಲಿರಬೇಕು, ಚಾರ್ಜು ಇರಬೇಕು, ಮೊಬೈಲಿಗೆ ಸಿಗ್ನಲ್ ಇರಬೇಕು. ನಮ್ಮ ತೋಟದ ತಗ್ಗಿನಲ್ಲಿ ಸಿಗ್ನಲ್ ಬೇಕಾದರೆ ಗುಡ್ಡೆ ಹತ್ತಬೇಕು. ಸೊಂಟ ಮುರಿದವರು ಗುಡ್ಡೆ ಹತ್ತುವುದು ಹೇಗೆ? ಕೊಳ್ಳುವ ಮೊದಲು ಹಿರಿಯರು ಓಡಾಡುವ ಕಡೆಯಲ್ಲೆಲ್ಲ ಮೊಬೈಲ್ ಹಿಡಿದು ಒಂದು ಸುತ್ತು ಬನ್ನಿ. ಹಟ್ಟಿ, ಬಚ್ಚಲು, ಕೆರೆ ಬದಿ, ಪಂಪ್ ಶೆಡ್. ಅರ್ಧ ಗಂಟೆಯಲ್ಲಿ ಲೆಕ್ಕ ಸಿಗುತ್ತದೆ.

ಬೀಳುವ ಸಂಭವ ಎಷ್ಟು ಎಂದು ಮೊದಲೇ ಅಂದಾಜು ಮಾಡುವುದು ಇನ್ನೊಂದು. ನಾನು ಹೇಳಹೊರಟಿರುವುದು ಇದರ ಬಗ್ಗೆ. ಇದರ ತಿರುಳು ಗೊತ್ತಾದರೆ ಅರ್ಧಕ್ಕರ್ಧ ಕೆಲಸ ಯಂತ್ರವಿಲ್ಲದೆ ಮನೆಯಲ್ಲೇ ಆಗುತ್ತದೆ.

ಪೆಟ್ಟಿಗೆಯೊಳಗೆ ಏನುಂಟು?

ಪಂಪಿನ ಬೇರಿಂಗ್ ಹೋಗುವುದು ನಮಗೆ ಹೇಗೆ ಗೊತ್ತಾಗುತ್ತದೆ? ನೀರು ಬರುವುದು ನಿಂತ ಮೇಲೆ ಅಲ್ಲ. ಅದಕ್ಕೆ ತಿಂಗಳು ಮೊದಲೇ ಸದ್ದು ಬದಲಾಗುತ್ತದೆ. ನೀರು ಅಷ್ಟೇ ಬರುತ್ತಿರುತ್ತದೆ, ಕರೆಂಟು ಬಿಲ್ಲೂ ಅಷ್ಟೇ. ಆದರೆ ದಿನಾ ಕೇಳುವ ಕಿವಿಗೆ 'ಏನೋ ಸರಿಯಿಲ್ಲ' ಅನಿಸುತ್ತದೆ. ಮನುಷ್ಯನ ನಡಿಗೆಯೂ ಹಾಗೆಯೇ. ಬೀಳುವುದಕ್ಕೆ ತಿಂಗಳುಗಳ ಮೊದಲೇ ಅದರ ತಾಳ ಕೆಡಲು ಸುರುವಾಗಿರುತ್ತದೆ. ಸೆನ್ಸರ್ ಮಾಡುವುದು ಆ ತಾಳವನ್ನು ಕೇಳುವ ಕೆಲಸ.

ಇದರಲ್ಲಿ ಮುಖ್ಯವಾದ ಭಾಗ ಆಕ್ಸಿಲರೋಮೀಟರ್. ಅಕ್ಕಿಕಾಳಿಗಿಂತ ಸಣ್ಣ ಸಿಲಿಕಾನ್ ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಪೂರದ ಸ್ಪ್ರಿಂಗುಗಳಿಗೆ ಸಿಕ್ಕಿಸಿದ ಒಂದು ತೂಕ. ದೇಹ ಅಲುಗಿದರೆ ತೂಕವೂ ಅಲುಗುತ್ತದೆ. ಎಷ್ಟು ಅಲುಗಿತು ಎಂದು ಸೆಕೆಂಡಿಗೆ ಐವತ್ತೋ ನೂರೋ ಸಲ ಬರೆದಿಡುತ್ತದೆ. ಹಿಮ್ಮಡಿ ನೆಲಕ್ಕೆ ತಾಗಿದಾಗೆಲ್ಲ ಅದರ ರೇಖೆಯಲ್ಲಿ ಒಂದು ಮೊನೆ ಏಳುತ್ತದೆ. ಒಂದು ಮೊನೆಯಿಂದ ಇನ್ನೊಂದಕ್ಕೆ ಎಷ್ಟು ಸಮಯವೋ ಅದು ಒಂದು ಹೆಜ್ಜೆಯ ಕಾಲ. ಜೊತೆಗೆ ಜೈರೋಸ್ಕೋಪ್ ಎಂಬ ಇನ್ನೊಂದು ಚಿಪ್ಪು. ಮೈ ಎಷ್ಟು ಬೇಗ ತಿರುಗಿತು, ಎತ್ತ ವಾಲಿತು ಎಂದು ಹೇಳುವುದು ಅದು. ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರ ತಾನಾಗಿ ಅಡ್ಡವಾಗುತ್ತದಲ್ಲ? ಅದು ಇಂಥದೇ ಚಿಪ್ಪಿನ ಕೆಲಸ. ಅಂದರೆ ನಮ್ಮ ಕಿಸೆಯಲ್ಲೇ ಅದು ಉಂಟು.

ವೈದ್ಯರು ಇದನ್ನು ಸೊಂಟದ ಹಿಂದೆ, ಬೆನ್ನೆಲುಬಿನ ಕೆಳಭಾಗಕ್ಕೆ ಬರುವಂತೆ ಬೆಲ್ಟಿನಲ್ಲಿ ಕಟ್ಟುತ್ತಾರೆ. ಕೆಲವು ಕಡೆ ಕಣಕಾಲಿಗೆ, ಚಪ್ಪಲಿಯ ಅಡಿಗೆ. ಕೈಗೆ ಕಟ್ಟುವ ವಾಚು ಈ ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲ. ಕೈಗೆ ತನ್ನದೇ ನೂರು ಕೆಲಸ. ವೀಳ್ಯದೆಲೆಗೆ ಸುಣ್ಣ ಹಚ್ಚಿದರೂ ಅಲುಗಾಟ ಬರೆದುಕೊಳ್ಳುತ್ತದೆ.

ಅಮೆರಿಕದಲ್ಲಿ ಹಾಸ್ಡಾರ್ಫ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಪ್ಪತ್ತು ದಾಟಿದ 52 ಮಂದಿಯ ಪಾದದಡಿ ಸೆನ್ಸರ್ ಇಟ್ಟು ನಡೆಸಿದರು. ಆಮೇಲೆ ಒಂದು ವರ್ಷ ಯಾರು ಬಿದ್ದರು ಎಂದು ವಿಚಾರಿಸುತ್ತ ಹೋದರು. ಬಿದ್ದವರಲ್ಲಿ ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ಕಾಲದಲ್ಲಿ ಆಗುವ ಏರುಪೇರು, ಬೀಳದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಗಮನಿಸಿ, ಅಳೆದದ್ದು ಎಷ್ಟು ಬೇಗ ನಡೆದರು ಎಂದಲ್ಲ, ಎಷ್ಟು ಸಮನಾಗಿ ನಡೆದರು ಎಂದು. ಏರುಪೇರು ಇರುವುದು ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿನ ಆಚೀಚೆ. ಕಣ್ಣಿಗೆ ಕಾಣುವುದಿಲ್ಲ, ಗಡಿಯಾರಕ್ಕೆ ಸಿಗುವುದಿಲ್ಲ. ಇಲ್ಲಿ ಯಂತ್ರವೇ ಬೇಕು.

ಆಸ್ಪತ್ರೆಯ ನುಣುಪು ನೆಲದಲ್ಲಿ, ಎದುರಿಗೆ ಡಾಕ್ಟರು ನಿಂತಿರುವಾಗ ಯಾರಾದರೂ ಚೆನ್ನಾಗಿಯೇ ನಡೆಯುತ್ತಾರೆ! ಇದನ್ನು ಅರಿತೇ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 169 ಹಿರಿಯರಿಗೆ ಸೊಂಟದ ಸೆನ್ಸರ್ ಕಟ್ಟಿ ಒಂದು ವಾರ ಮನೆಗೇ ಕಳಿಸಿದರು. ದಿನನಿತ್ಯದ ನಡಿಗೆ ಎಷ್ಟು, ಹೇಗೆ ಎಂದು ಅದು ಬರೆದುಕೊಂಡಿತು. 2015ರಲ್ಲಿ ಬಂದ ಅವರ ವರದಿಯ ಪ್ರಕಾರ, ಪ್ರಶ್ನೆ ಕೇಳಿ ಮಾಡುವ ಅಂದಾಜಿಗೆ ಈ ವಾರದ ಲೆಕ್ಕವನ್ನೂ ಸೇರಿಸಿದರೆ ಮುಂದೆ ಬೀಳುವವರು ಯಾರೆಂದು ಹೇಳುವುದು ಹೆಚ್ಚು ಸರಿಯಾಗುತ್ತದೆ. ಹಾಗೆಂದು ಜಾತಕ ಬರೆದಷ್ಟು ಖಂಡಿತ ಅಲ್ಲ. ಜಾತಕ ಖಂಡಿತವೇ ಎಂಬುದು ಬೇರೆ ಮಾತು.

ಆಪಲ್ 2021ರಲ್ಲಿ ಐಫೋನಿಗೂ 'ನಡಿಗೆಯ ಸ್ಥಿರತೆ' ಹೇಳುವ ವ್ಯವಸ್ಥೆ ಸೇರಿಸಿತು. ಫೋನು ಸೊಂಟದ ಹತ್ತಿರದ ಕಿಸೆಯಲ್ಲಿದ್ದರೆ ನಡಿಗೆ ಸರಿ ಉಂಟೋ, ಕಡಿಮೆಯೋ, ತೀರಾ ಕಡಿಮೆಯೋ ಎಂದು ಮೂರು ದರ್ಜೆಯಲ್ಲಿ ತೋರಿಸುತ್ತದೆ. ನಮ್ಮ ಹಿರಿಯರ ಫೋನು ಇರುವುದು ಜಗಲಿಯ ಮೇಜಿನ ಮೇಲೆ. ಪಂಚೆಗೆ ಕಿಸೆ ಇಲ್ಲ, ಸೀರೆಗೂ ಇಲ್ಲ. ಈ ವಿದ್ಯೆ ನಮ್ಮ ಜಗಲಿಗೆ ಬರಬೇಕಾದರೆ ಸೊಂಟದ ಉಡಿದಾರಕ್ಕೆ ಸಿಕ್ಕಿಸುವಂಥದ್ದನ್ನು ಯಾರಾದರೂ ಮಾಡಬೇಕು. ಎಂಜಿನಿಯರಿಂಗ್ ಕಲಿಯುವ ಕೃಷಿಕರ ಮಕ್ಕಳು ಇದ್ದರೆ ಯೋಚಿಸಲಿ.

ಅಮ್ಮನ ತಿರುಗುವಿಕೆ

ಅಮ್ಮನಿಗೆ ಎಪ್ಪತ್ತಾರು. ಒಂದು ದಿನ ಮೊಣಕೈ ತರಚಿದ್ದು ಕಂಡು ಕೇಳಿದರೆ "ಬಾಗಿಲಿಗೆ ತಾಗಿತು" ಎಂದರು. ಹಟ್ಟಿಯ ಹತ್ತಿರ ಬಿದ್ದದ್ದೆಂದು ಕೆಲಸದ ಹೆಂಗಸು ಹೇಳಿದ ಮೇಲೆ ಗೊತ್ತಾಯಿತು. ಅದಕ್ಕೆ ಎರಡು ತಿಂಗಳ ಹಿಂದೆಯೂ ಒಮ್ಮೆ ಬಿದ್ದಿದ್ದರಂತೆ. ಯಾಕೆ ಹೇಳಲಿಲ್ಲ?

"ಹೇಳಿದರೆ ಇನ್ನು ಹಟ್ಟಿಗೆ ಹೋಗಬೇಡ ಅಂತೀಯಲ್ಲ. ಮತ್ತೆ ನಾನು ಮಾಡುವುದೆಂತ?"

ಇದನ್ನು ಎಲ್ಲ ಮಕ್ಕಳೂ ಕೇಳಿಸಿಕೊಳ್ಳಬೇಕು. ಹಿರಿಯರು ಬಿದ್ದದ್ದನ್ನು ಮುಚ್ಚಿಡುವುದು ನಾಚಿಕೆಯಿಂದಲ್ಲ, ಕೆಲಸ ಕಸಿದುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದ. 'ಒಂದು ವರ್ಷದಲ್ಲಿ ಬಿದ್ದದ್ದುಂಟಾ?' ಎನ್ನುವುದು ವೈದ್ಯರು ಕೇಳುವ ಮೊದಲ ಪ್ರಶ್ನೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಆ ಉತ್ತರವೇ ಸುಳ್ಳಾದರೆ ಮುಂದಿನ ಲೆಕ್ಕವೆಲ್ಲ ಸುಳ್ಳು.

ಪೇಟೆಯ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ಅಮ್ಮನ ಸೊಂಟಕ್ಕೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸೆನ್ಸರ್ ಕಟ್ಟಿದರು. ಕುರ್ಚಿಯಿಂದ ಏಳಿ, ಮೂರು ಮೀಟರ್ ನಡೆಯಿರಿ, ತಿರುಗಿ, ಬಂದು ಕುಳಿತುಕೊಳ್ಳಿ ಎಂದರು. ಒಟ್ಟು ಹದಿನಾಲ್ಕು ಸೆಕೆಂಡು. ಗಡಿಯಾರ ಇಷ್ಟನ್ನು ಹೇಳಿತು. ಸೆನ್ಸರು ಅದನ್ನು ತುಂಡು ಮಾಡಿ ಹೇಳಿತು: ಏಳುವುದಕ್ಕೆ ಇಷ್ಟು, ಹೋಗುವುದಕ್ಕೆ ಇಷ್ಟು, ತಿರುಗುವುದಕ್ಕೆ ಇಷ್ಟು, ಕೂರುವುದಕ್ಕೆ ಇಷ್ಟು. ನೇರ ನಡಿಗೆಯಲ್ಲಿ ದೊಡ್ಡ ದೋಷವಿಲ್ಲ. ತಿರುಗುವಾಗ ಮಾತ್ರ ಏಳು ಪುಟ್ಟ ಹೆಜ್ಜೆ, ಮೈ ಒಂದು ಕಡೆಗೆ ವಾಲುವುದು.

"ಮನೆಯಲ್ಲಿ ಹೆಚ್ಚು ತಿರುಗುವ ಜಾಗ ಯಾವುದು?" ಎಂದು ಕೇಳಿದರು ಫಿಸಿಯೋಥೆರಪಿಸ್ಟ್. ಹಟ್ಟಿ! ಹುಲ್ಲು ಹಾಕಿ ತಿರುಗುವುದು, ಸಗಣಿ ಬಾಚಿ ತಿರುಗುವುದು. ಬಿದ್ದದ್ದೂ ಅಲ್ಲೇ. ಸೆನ್ಸರ್ ಎಂದರೆ ಏನು ಎಂದು ನನಗೆ ಅರ್ಥವಾದದ್ದು ಆಗ.

ಕುರ್ಚಿ, ಟೇಪು, ಗಡಿಯಾರ

ಸೆನ್ಸರ್ ಎಲ್ಲ ಊರಲ್ಲೂ ಇಲ್ಲ. ಆದರೆ ಅದನ್ನು ಕಟ್ಟಿ ಮಾಡಿಸುವ ಪರೀಕ್ಷೆ ಅದಕ್ಕಿಂತ ಹಳತು. ಕೆನಡಾದಲ್ಲಿ 1991ರಲ್ಲಿ ಈ ರೂಪಕ್ಕೆ ಬಂದದ್ದು. ನಮ್ಮ ಜಗಲಿಯಲ್ಲಿ ಮಾಡಬಹುದು.

ಕೈ ಇರುವ ಗಟ್ಟಿ ಕುರ್ಚಿ, ಒಂದೂವರೆ ಅಡಿ ಎತ್ತರದ್ದು. ಹಗುರದ ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ಒತ್ತಿ ಇಡಿ. ಅಲ್ಲಿಂದ ಮೂರು ಮೀಟರ್, ಅಂದರೆ ಹತ್ತಡಿಗೆ ಎರಡು ಅಂಗುಲ ಕಮ್ಮಿ, ಸುಣ್ಣದ ಗೆರೆ. ದಿನಾ ಹಾಕುವ ಚಪ್ಪಲಿ, ಕೋಲು ಹಿಡಿಯುವವರಿಗೆ ಕೋಲು ಇರಲಿ. 'ಹೋಗಿ' ಎಂದ ಕೂಡಲೇ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಎದ್ದು, ಎಂದಿನ ವೇಗದಲ್ಲಿ ಗೆರೆಯವರೆಗೆ ನಡೆದು, ತಿರುಗಿ ಬಂದು ಕೂತಾಗ ನಿಲ್ಲಿಸಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯ ಉಂಟು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರ ಲೆಕ್ಕ. ಪಕ್ಕದಲ್ಲಿ ಒಬ್ಬರು ಹಿಡಿಯಲು ತಯಾರಾಗಿ ಇರಲೇಬೇಕು. ಅಳೆಯಲು ಹೋಗಿ ಬೀಳಿಸಿದರೆ ಆಯಿತಲ್ಲ!

ಇದು ಒಂದೇ ಸಾಲದು. ಗಟ್ಟಿಮುಟ್ಟಾಗಿ ತೋಟ ಸುತ್ತುವವರಲ್ಲಿ ಈ ಪರೀಕ್ಷೆ ಅಪಾಯವನ್ನು ಹಿಡಿಯದೇ ಇರುವುದೂ ಉಂಟು. ಹಾಗಾಗಿ ಇನ್ನೊಂದು ಮಾಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿ, ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. ಎಪ್ಪತ್ತರಿಂದ ಎಪ್ಪತ್ತನಾಲ್ಕರ ಗಂಡಸರಿಗೆ 12, ಹೆಂಗಸರಿಗೆ 10ಕ್ಕಿಂತ ಕಮ್ಮಿಯಾದರೆ ತೊಡೆಯ ಬಲ ಸಾಲದು. ಎಪ್ಪತ್ತೈದರಿಂದ ಎಪ್ಪತ್ತೊಂಬತ್ತಕ್ಕೆ 11 ಮತ್ತು 10. ಎಂಬತ್ತರಿಂದ ಎಂಬತ್ತನಾಲ್ಕಕ್ಕೆ 10 ಮತ್ತು 9. ಅಮ್ಮನಿಗೆ ಆದದ್ದು ಎಂಟು.

ನನಗೆ ಬಹಳ ಹಿಡಿಸಿದ ಪರೀಕ್ಷೆಗೆ ಕುರ್ಚಿಯೂ ಬೇಡ. ಸ್ವೀಡನ್ನಿನಲ್ಲಿ 1997ರಲ್ಲಿ ಪ್ರಕಟವಾದದ್ದು. ಹಿರಿಯರೊಂದಿಗೆ ನಡೆಯುತ್ತ ಮಾತಿಗೆ ಎಳೆಯಬೇಕು. ಉತ್ತರ ಕೊಡಲು ಅವರು ನಿಲ್ಲುತ್ತಾರಾ ನೋಡಬೇಕು. 58 ಮಂದಿಯಲ್ಲಿ 12 ಮಂದಿ ನಿಂತರು. ಆ 12ರಲ್ಲಿ 10 ಮಂದಿ ಆರು ತಿಂಗಳೊಳಗೆ ಬಿದ್ದರು! ಕಾರಣ ಕಷ್ಟದ್ದಲ್ಲ. ನಡಿಗೆ ತಾನಾಗಿ ಆಗುವಷ್ಟು ದಿನ ತಲೆ ಬೇರೆ ಕೆಲಸಕ್ಕೆ ಬಿಡುವಾಗಿರುತ್ತದೆ. ಹೆಜ್ಜೆ ಹೆಜ್ಜೆಗೂ ಗಮನ ಕೊಡಬೇಕಾಗಿ ಬಂದರೆ ಮಾತಿಗೆ ಜಾಗವಿಲ್ಲ. ಸಂಕ ದಾಟುವಾಗ ಆಳು ಕರೆದ, ತಿರುಗಿದರು, ಬಿದ್ದರು. ಇಂಥ ಬೀಳುವಿಕೆ ಎಷ್ಟು ಕೇಳಿಲ್ಲ ನಾವು? ಮುಂದಿನ ಸಲ ಹಿರಿಯರೊಟ್ಟಿಗೆ ತೋಟಕ್ಕೆ ಹೋಗುವಾಗ ಅಡಿಕೆ ಧಾರಣೆ ಎಷ್ಟಾಯಿತು ಎಂದು ಕೇಳಿ ನೋಡಿ. ಧಾರಣೆಯ ಸಿಟ್ಟಿಗೆ ನಿಂತರೋ, ಕಾಲು ತಡೆದು ನಿಂತರೋ ಎಂದು ಮಾತ್ರ ನೀವೇ ನಿರ್ಧರಿಸಬೇಕು.

ಬಿ.ಪಿ. ಯಂತ್ರ ಈಗ ಎಷ್ಟೋ ಮನೆಯಲ್ಲಿದೆ. ಐದು ನಿಮಿಷ ಮಲಗಿಸಿ ನೋಡಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು, ಕೆಳಗಿನದ್ದು 10 ಅಥವಾ ಹೆಚ್ಚು ಇಳಿದರೆ ಎದ್ದಾಗ ತಲೆಗೆ ರಕ್ತ ಸಾಲುವುದಿಲ್ಲ ಎಂದರ್ಥ. ರಾತ್ರಿ ಮೂತ್ರಕ್ಕೆ ಎದ್ದವರು ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ. ಅಮ್ಮನಿಗೆ ಮಲಗಿದಾಗ 138, ನಿಂತಾಗ 112. ನಮ್ಮ ವೈದ್ಯರು ಬಿ.ಪಿ. ಮಾತ್ರೆಯನ್ನು ಬದಲಿಸಿ ಕೊಟ್ಟರು. ನೀವಾಗಿ ಮಾತ್ರೆ ನಿಲ್ಲಿಸಲು ಹೋಗಬೇಡಿ. ಅದು ಬೇರೆಯೇ ಅನಾಹುತ. ನಿದ್ದೆ ಮಾತ್ರೆ ನುಂಗುವವರಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ. ಕಣ್ಣಿನ ಪೊರೆಯನ್ನು 'ಇನ್ನು ಯಾಕೆ' ಎಂದು ಬಿಟ್ಟವರಿದ್ದರೆ ತೆಗೆಸಿ.

ಸೆನ್ಸರಿಗೆ ಕಾಣದ ಅಂಗಳ

ಸೆನ್ಸರ್ ಅಳೆಯುವುದು ಮನುಷ್ಯನನ್ನು. ನೆಲವನ್ನಲ್ಲ. ಹೊರದೇಶದ ಪುಸ್ತಕಗಳಲ್ಲಿ 'ಮನೆಯ ಅಪಾಯಗಳು' ಎಂದರೆ ಕಾರ್ಪೆಟ್ಟಿನ ಅಂಚು, ವಿದ್ಯುತ್ ವಯರು. ನಮ್ಮದು ಬೇರೆಯೇ.

ಆಷಾಢದ ಅಂಗಳ ನೋಡಿ. ಹಾವಸೆ ಹಿಡಿದ ಸಿಮೆಂಟು ಮಂಜುಗಡ್ಡೆಗೆ ಸಮ. ಹಿಂದೆ ಮಳೆಗಾಲ ಸುರುವಾಗುವಾಗ ಮನೆಯಿಂದ ಹಟ್ಟಿಗೆ, ಬಚ್ಚಲಿಗೆ, ಬಾವಿಗೆ ಅಡಿಕೆ ಸೋಗೆಯೋ ತೆಂಗಿನ ಮಡಲೋ ಹಾಸುತ್ತಿದ್ದರು. ಅದರ ಮೇಲೆ ನಡೆದರೆ ಜಾರುವುದಿಲ್ಲ, ಕೊಳೆತರೆ ಗೊಬ್ಬರ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ ಮೇಲೆ 'ಚಂದ ಕಾಣುವುದಿಲ್ಲ' ಎಂದು ಬಿಟ್ಟೆವು. ಚಂದ ಯಾರಿಗೆ? ನಮ್ಮಲ್ಲಿ ಈಗ ಮತ್ತೆ ಹಾಸುತ್ತೇವೆ. ಎರಡಡಿ ಅಗಲದ ದಾರಿ ಸಾಕು. ವಾರಕ್ಕೊಮ್ಮೆ ಗಟ್ಟಿ ಹಿಡಿಸೂಡಿಯಲ್ಲಿ ತಿಕ್ಕಿ ಬ್ಲೀಚಿಂಗ್ ಪೌಡರ್ ಹಾಕಿದರೂ ಆಗುತ್ತದೆ. ಆದರೆ ಆ ತಿಕ್ಕುವ ಕೆಲಸ ಹಿರಿಯರಿಗೆ ಬೇಡ.

ಬೇಸಗೆಯಲ್ಲಿ ಹಾವಸೆ ಇಲ್ಲ, ಅಡಿಕೆ ಉಂಟು. ಅಂಗಳ ತುಂಬ ಹರಡಿದ ಒಣ ಅಡಿಕೆಯ ಮೇಲೆ ಕಾಲಿಟ್ಟರೆ ಬಾಲ್ ಬೇರಿಂಗಿನ ಮೇಲೆ ಇಟ್ಟಂತೆ. ಮೋಡ ಕಂಡಾಗ ಅಡಿಕೆ ರಾಶಿ ಮಾಡುವ ಗಡಿಬಿಡಿಯಲ್ಲಿ ಬಿದ್ದವರನ್ನು ನಾನೇ ಕಂಡಿದ್ದೇನೆ. ಹರಡುವಾಗಲೇ ನಡುವೆ ಒಂದು ಕಾಲುದಾರಿ ಬಿಟ್ಟರೆ ಎಷ್ಟು ಜಾಗ ನಷ್ಟ?

ಅಡಿ ಸವೆದು ನುಣ್ಣಗಾದ ಹವಾಯಿ ಚಪ್ಪಲಿ. 'ಇನ್ನೂ ಬಾರು ತುಂಡಾಗಿಲ್ಲ' ಎಂದು ಹಾಕುತ್ತಲೇ ಇರುತ್ತಾರೆ. ಬಾರು ನೋಡುವುದಲ್ಲ, ಅಡಿ ಮಗುಚಿ ನೋಡಿ. ತೋಟದಲ್ಲಿ ಕಾಲಿಗೆ ಅಡ್ಡ ಸಿಗುವ ಸ್ಪ್ರಿಂಕ್ಲರ್ ಪೈಪು, ಸೋಗೆಯ ಅಡಿ ಕಾಣದ ಗುಂಡಿ. ಒಂದೇ ಅಡಿಕೆ ಮರದ ಸಂಕ. ಇನ್ನೊಂದು ಮರ ಜೋಡಿಸಿ ಬದಿಗೆ ಬಿದಿರಿನ ಕೈತಾಂಗು ಕಟ್ಟಲು ಅರ್ಧ ದಿನದ ಕೆಲಸ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ. ರಾತ್ರಿ ಬಚ್ಚಲ ದಾರಿಗೊಂದು ಸಣ್ಣ ಬಲ್ಬು. ಹಗ್ಗ ಎಳೆಯುವ ಕಡಸನ್ನು ಹಿರಿಯರ ಕೈಗೆ ಕೊಡಬೇಡಿ. ಹಾಲು ಕೊಡುವ ಸಾಧು ಹಸುವನ್ನು ಅವರೇ ನೋಡಿಕೊಳ್ಳಲಿ.

ಅಳೆದ ಮೇಲೆ?

ಅಳತೆ ಎರಡು ಅಲಗಿನ ಕತ್ತಿ. ಮಾವನ ಮಗ ವಾಚಿನ ಲೆಕ್ಕವನ್ನು ಅಲ್ಲಿಂದಲೇ ನೋಡಿ ಫೋನು ಮಾಡುತ್ತಾನಂತೆ: "ಅಪ್ಪ, ನಿನ್ನೆ ಇಷ್ಟು ಹೆಜ್ಜೆ ಯಾಕೆ? ಕೂತುಕೊಳ್ಳಿ." ಪ್ರೀತಿಯಿಂದಲೇ. ಆದರೆ ಕೂರಿಸಿದರೆ ಏನಾಗುತ್ತದೆ? ತೊಡೆಯ ಸ್ನಾಯು ಕರಗುತ್ತದೆ, ನಡಿಗೆ ಇನ್ನೂ ಕೆಡುತ್ತದೆ, ಬೀಳುವ ಭಯ ಹೆಚ್ಚುತ್ತದೆ, ಭಯದಿಂದ ಮತ್ತೆ ಕೂರುತ್ತಾರೆ. ಹೆಚ್ಚಾದ ಅಂಕಿ ಕಂಡ ಕೂಡಲೇ 'ಇನ್ನು ತೋಟಕ್ಕೆ ಇಳಿಯಬೇಡಿ' ಎನ್ನುವವರು ಅಳೆಯದಿರುವುದೇ ಮೇಲು.

ಮಾಡಬೇಕಾದ್ದು ವ್ಯಾಯಾಮ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಹಿರಿಯರಿಗೆಂದೇ ಮನೆಯಲ್ಲಿ ಮಾಡುವ ವ್ಯಾಯಾಮದ ಕ್ರಮ ರೂಪಿಸಿದರು. ಅದರ ನಾಲ್ಕು ಪ್ರಯೋಗಗಳನ್ನು, ಒಟ್ಟು 1,016 ಮಂದಿಯ ಲೆಕ್ಕವನ್ನು, 2002ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಬೀಳುವುದು ನೂರಕ್ಕೆ 35ರಷ್ಟು ಕಡಿಮೆಯಾಗಿತ್ತು. ಯಂತ್ರ, ಮದ್ದು ಏನೂ ಇಲ್ಲದೆ! ಕಂಬವೋ ಕಿಟಕಿ ಸರಳೋ ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು, ಬೆರಳೆತ್ತಿ ಹಿಮ್ಮಡಿ ಮೇಲೆ ನಿಲ್ಲುವುದು, ಕುರ್ಚಿಯಿಂದ ಏಳುವುದು ಕೂರುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ನಿಲ್ಲುವುದು, ಅಡ್ಡಡ್ಡ ನಡೆಯುವುದು. ವಾರಕ್ಕೆ ಮೂರು ದಿನ ಅರ್ಧ ಗಂಟೆ, ಉಳಿದ ದಿನಗಳಲ್ಲಿ ಎರಡು ಸಲ ನಡಿಗೆ. ಯಾರಿಗೆ ಯಾವುದು ಎಷ್ಟು ಎಂದು ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ಹೇಳಿದರೆ ಒಳ್ಳೆಯದು.

'ತೋಟದ ಕೆಲಸ ಮಾಡುವವರಿಗೆ ವ್ಯಾಯಾಮ ಯಾಕೆ?' ಎಂದು ನಮ್ಮಲ್ಲಿ ನಗುತ್ತಾರೆ. ವಯಸ್ಸಾದ ಹಾಗೆ ಏನು ಕೆಲಸ ಮಾಡುತ್ತಾರೆ ನೋಡಿ. ಗುದ್ದಲಿ ಬಿಟ್ಟಾಗಿರುತ್ತದೆ, ಹೊರೆ ಬಿಟ್ಟಾಗಿರುತ್ತದೆ. ಉಳಿದದ್ದು ಬೆಳಗಿನಿಂದ ಸಂಜೆಯವರೆಗೆ ಕೂತು ಚಾಲಿ ಸುಲಿಯುವುದು. ಕೈಗೆ ಕೆಲಸ, ತೊಡೆಗೆ ರಜೆ.

ಅಮ್ಮ ಮೊದಲ ವಾರ ಒಪ್ಪಲಿಲ್ಲ. "ಈ ಪ್ರಾಯದಲ್ಲಿ ಡ್ರಿಲ್ಲಾ?" ಎಂದರು. ಅನ್ನ ಬೇಯುವಾಗ ಅಡುಗೆಮನೆಯ ಕಟ್ಟೆ ಹಿಡಿದು ಮಾಡಿ ಎಂದ ಮೇಲೆ ಒಗ್ಗಿತು. ಎಡಕ್ಕೆ ಬಲಕ್ಕೆ ತಿರುಗುವುದನ್ನು ಮೆಲ್ಲಗೆ, ಪಾದವನ್ನು ಪೂರ್ತಿ ಎತ್ತಿಟ್ಟು ತಿರುಗುವುದನ್ನು ಫಿಸಿಯೋಥೆರಪಿಸ್ಟ್ ಬೇರೆಯೇ ಕಲಿಸಿದ್ದರು. ಹಟ್ಟಿಯಲ್ಲಿ ತಿರುಗುವ ಎರಡು ಕಡೆ ಕಂಬ ನೆಟ್ಟೆವು, ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿದೆವು. ಮ್ಯಾಟ್ ದನಕ್ಕೆಂದು ತಂದದ್ದು. ಅಮ್ಮನ ಪಾಲಿಗೂ ಒಂದು ತುಂಡು.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ತಿಂಗಳ ಮೊದಲ ಭಾನುವಾರ ಅಮ್ಮನ ಸೆಕೆಂಡುಗಳನ್ನೂ ಬರೆಯುತ್ತೇವೆ. ಹದಿನಾಲ್ಕು, ಹದಿನಾಲ್ಕು, ಹದಿಮೂರು, ಹನ್ನೆರಡು, ಹನ್ನೊಂದು. ಕುರ್ಚಿಯಿಂದ ಏಳುವುದು ಎಂಟರಿಂದ ಹನ್ನೊಂದಕ್ಕೆ ಬಂದಿದೆ. ಮಳೆಗಾಲದಲ್ಲಿ ಜ್ವರ ಬಂದ ತಿಂಗಳು ಮತ್ತೆ ಹದಿಮೂರಾಯಿತು, ಆಮೇಲೆ ಇಳಿಯಿತು. ವೈದ್ಯರಲ್ಲಿಗೆ ಹೋಗುವಾಗ ಆ ಹಾಳೆಗಳನ್ನು ಹರಿದು ಕೊಂಡುಹೋಗುತ್ತೇವೆ. ಹಿಂಬದಿಯಲ್ಲಿ ಹಿಂಡಿಯ ಲೆಕ್ಕ ಇರುವ ಕಾರಣ ವಾಪಸು ತರಬೇಕು ಎಂದು ಅಮ್ಮ ಪ್ರತಿ ಸಲ ನೆನಪಿಸುತ್ತಾರೆ.